ಚೆಕ್ಕುಬಂದಿ ಇಲ್ಲದ ದೇಶಕ್ಕೆ ನಡತೆ ಸರ್ಟಿಫಿಕೇಟ್

ಮೊನ್ನೆ ಮಗನ ಸ್ಕೂಲ್ ಬದಲಾಯಿಸಬೇಕಾಯಿತು. ಹಳೇ ಸ್ಕೂಲಿನವರು ಕೊಟ್ಟ ಟಿಸಿಯಲ್ಲಿ ಎಲ್ಲ ಇತ್ತು, ‘ನಡತೆ’ ಅನ್ನುವ ಕಾಲಂ ಮಾತ್ರ ಖಾಲಿ. ಹೊಸ ಸ್ಕೂಲಿನ ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. “ನಡತೆ ಖಾಲಿ ಬಿಟ್ಟಿದ್ದಾರೆ ಸರ್, ಸೀಟ್ ಕೊಡಕ್ಕಾಗಲ್ಲ.” ಹುಡುಗನಿಗೆ ಏಳು ವರ್ಷ. ಅವನ ಮೇಲಿರುವ ದೊಡ್ಡ ಆರೋಪ ಅಂದರೆ ಪಕ್ಕದ ಹುಡುಗಿಯ ರಬ್ಬರ್ ತಿಂದದ್ದು. ಮೂರು ಸಲ ಓಡಾಡಿದ ಮೇಲೆ ಹೆಡ್‌ಮಾಸ್ಟರು ‘ತೃಪ್ತಿಕರ’ ಎಂದು ಬರೆದು ಸೀಲ್ ಒತ್ತಿದರು. ಸೀಲ್ ಮಸುಕಾಗಿದೆ ಅಂತ ನಾಲ್ಕನೇ ಸಲ ಹೋದೆ.

ಈ ಗೋಳನ್ನು ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ದೊಡ್ಡಪ್ಪ ಗ್ರಾಮ ಲೆಕ್ಕಿಗರಾಗಿ ಕೆಲಸಕ್ಕೆ ಸೇರಿ ರೆವಿನ್ಯೂ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಭೂಮಿ ಮೇಲಿರುವ ಯಾವುದೇ ಜಾಗಕ್ಕೆ ಸರ್ವೆ ನಂಬರ್ ಇರಬೇಕು, ನಾಲ್ಕು ದಿಕ್ಕಿಗೂ ಚೆಕ್ಕುಬಂದಿ, ಅಂದರೆ ಯಾವ ಕಡೆ ಏನಿದೆ ಅನ್ನುವ ಗಡಿ ವಿವರ, ಇರಬೇಕು, ಇಲ್ಲದಿದ್ದರೆ ಆ ಜಾಗವೇ ಇಲ್ಲ. ಇದು ಅವರ ವೇದಾಂತ. ನನ್ನ ಗೋಳಿಗೆ ಅಯ್ಯೋ ಅನ್ನದೆ ಅವರು ಬೇರೇನೋ ಕೇಳಿದರು.

“ಅಲ್ಲಾ ಕಣೋ, ಆ ಬಿಡದಿ ನಿತ್ಯಾನಂದ ಸ್ವಾಮಿ ದೇಶ ಮಾಡ್ಕೊಂಡಿದ್ದಾರಂತಲ್ಲ. ಅದರ ಪಹಣಿ ಯಾರ ಹೆಸರಲ್ಲಿದೆ?”

ಯಾರ ಹೆಸರಲ್ಲೂ ಇಲ್ಲ ದೊಡ್ಡಪ್ಪ, ಅದಿರೋದು ವೆಬ್‌ಸೈಟಲ್ಲಿ ಅಂದೆ. 2019ರ ಡಿಸೆಂಬರಿನಲ್ಲಿ ‘ಕೈಲಾಸ’ದ ಸುದ್ದಿ ಬಂತು. ಬಾವುಟ, ಪಾಸ್‌ಪೋರ್ಟು, ಇಲಾಖೆಗಳು, ಎಲ್ಲ ರೆಡಿ. ಈಕ್ವೆಡಾರ್ ಹತ್ತಿರ ದ್ವೀಪ ಕೊಂಡಿದ್ದಾರೆ ಅಂತ ಗುಲ್ಲೆದ್ದಿತು. ಈಕ್ವೆಡಾರ್ ರಾಯಭಾರ ಕಚೇರಿಯವರು, ನಾವು ಆಶ್ರಯ ಕೊಟ್ಟಿಲ್ಲ, ಅವರು ಹೈಟಿ ಕಡೆ ಹೋಗಿರಬೇಕು ಎಂದು ಕೈ ತೊಳೆದುಕೊಂಡರು. ವೆಬ್‌ಸೈಟ್ ಮಾಡುವುದು ಬೇರೆ, ದೇಶ ಮಾಡುವುದು ಬೇರೆ ಅಂತ ನಮ್ಮ ವಿದೇಶಾಂಗ ಇಲಾಖೆಯ ವಕ್ತಾರರು ತಿಳಿಹೇಳಬೇಕಾಯಿತು.

“ವೆಬ್‌ಸೈಟ್ ಅಂದ್ರೆ ಮೋಡದಲ್ಲಿರೋದು ಅಲ್ವಾ?” ದೊಡ್ಡಪ್ಪ ಹಳೇ ರೂಲ್ ಪೇಪರ್ ಎಳೆದುಕೊಂಡರು. “ಸರಿ, ಸ್ಥಳ ಪರಿಶೀಲನಾ ವರದಿ ಅಂತ ಹಾಕು. ಪೂರ್ವಕ್ಕೆ ಮೋಡ, ಪಶ್ಚಿಮಕ್ಕೆ ಮೋಡ, ಉತ್ತರಕ್ಕೆ ಮೋಡ.”

ದಕ್ಷಿಣಕ್ಕೆ ಅಂದೆ. “ರಾಮನಗರ ಕೋರ್ಟು,” ಅಂದರು.

ಅಲ್ಲಿಗೆ ನಗು ನಿಂತಿತು. ಈ ದೇಶದ ಕಥೆ ಶುರುವಾಗುವುದು ಮೋಡದಲ್ಲಲ್ಲ, ಮೈಸೂರು ರಸ್ತೆಯಲ್ಲಿ. ತಟ್ಟೆ ಇಡ್ಲಿ ತಿನ್ನೋಕೆ ಅಂತ ನಾವೆಲ್ಲ ಕಾರು ನಿಲ್ಲಿಸುವ ಬಿಡದಿಯಲ್ಲಿ. ಅಲ್ಲಿ ದುಡ್ಡು ಕೊಟ್ಟು ತಲೆಕೆಳಗಾಗಲು ವಂಡರ್‌ಲಾ ಇದೆ. ಬೇರೆ ಜಾಗವೂ ಇತ್ತು, ನಿತ್ಯಾನಂದರ ಆಶ್ರಮ.

2010ರ ಮಾರ್ಚ್‌ನಲ್ಲಿ ತಮಿಳು ಚಾನೆಲ್ ಒಂದರಲ್ಲಿ ಸ್ವಾಮಿಗಳದ್ದೆಂದು ಹೇಳಲಾದ ಖಾಸಗಿ ವಿಡಿಯೋ ಬಂತು. ಸ್ವಾಮಿಗಳು ತಮ್ಮದೇ ಸಂಸ್ಥೆಯಾದ ಧ್ಯಾನಪೀಠದ ಮುಖ್ಯಸ್ಥ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಏಕಾಂತಕ್ಕೆ ಹೋಗುತ್ತೇನೆ ಎಂದರು. ಏಪ್ರಿಲ್‌ನಲ್ಲಿ ನಮ್ಮ ಸಿಐಡಿಯವರಿಗೆ ಆ ಏಕಾಂತ ಸಿಕ್ಕಿದ್ದು ಹಿಮಾಚಲ ಪ್ರದೇಶದ ಸೋಲನ್ ಜಿಲ್ಲೆಯಲ್ಲಿ. 50ಕ್ಕೂ ಹೆಚ್ಚು ದಿನ ಒಳಗಿದ್ದು, ಜಾಮೀನಿನ ಮೇಲೆ ಹೊರಗೆ ಬಂದವರೇ ಸುತ್ತ ಬೆಂಕಿ ಹಾಕಿಕೊಂಡು ಪಂಚಾಗ್ನಿ ತಪಸ್ಸಿಗೆ ಕೂತರು. ಕ್ಯಾಮೆರಾಗಳ ಮುಂದೆ. ರಾಜೀನಾಮೆ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಬಹುಶಃ ಅದೇ ಬೆಂಕಿಗೆ ಬಿದ್ದಿರಬೇಕು.

ಆ ದಿನಗಳಲ್ಲೇ ಶಿಷ್ಯರಿಂದ ಬರೆಸಿಕೊಂಡದ್ದೆಂದು ಹೇಳಲಾದ ಕರಾರು ಪತ್ರವೊಂದು ಪತ್ರಿಕೆಗಳಲ್ಲಿ ಬಂದಿತ್ತು. ಕಲಿಯುವ ವಿದ್ಯೆಯಲ್ಲಿ ತಂತ್ರದ ಗುಟ್ಟುಗಳಿರಬಹುದು, ನಗ್ನತೆ ಇರಬಹುದು, ದೇಹಕ್ಕೂ ಮನಸ್ಸಿಗೂ ಕಷ್ಟ ಆಗಬಹುದು, ಇದಕ್ಕೆಲ್ಲ ನಾನು ಒಪ್ಪಿದ್ದೇನೆ ಅನ್ನುವ ಧಾಟಿಯ ಒಪ್ಪಂದ. ಹೊರಗೆ ಬಾಯಿ ಬಿಡಬಾರದು ಅನ್ನುವುದೂ ಅದರಲ್ಲಿ ಸೇರಿತ್ತು. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

“ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ರಾ?”

ಗೊತ್ತಿಲ್ಲ ದೊಡ್ಡಪ್ಪ.

“ನೋಡು, ನನ್ನ ಸರ್ವಿಸಲ್ಲಿ ಕರಾರು ಬರೆಸಿಕೊಳ್ಳೋರನ್ನ ಬೇಕಾದಷ್ಟು ನೋಡಿದೀನಿ. ಮುಂದೆ ತಕರಾರು ಬರುತ್ತೆ ಅಂತ ಮೊದಲೇ ಗೊತ್ತಿರೋನು ಮಾತ್ರ ಬರೆಸ್ಕೋತಾನೆ. ನಮ್ಮೂರ ದೇವಸ್ಥಾನದ ಪೂಜಾರಪ್ಪ ತೀರ್ಥ ಕೊಡೋಕೆ ಮುಂಚೆ ಸಹಿ ಹಾಕಿಸ್ಕೊಂಡಿದ್ನಾ ಯಾವತ್ತಾದ್ರೂ?”

ಸಂತರ ನಡತೆ ಅಳೆಯಲು ಇದಕ್ಕಿಂತ ಸುಲಭದ ಅಳತೆಗೋಲು ನನಗಂತೂ ಸಿಕ್ಕಿಲ್ಲ.

ಈಗ ನ್ಯಾಯವಾಗಿ ಒಂದು ಮಾತು ಹೇಳಬೇಕು. ಶಿಷ್ಯೆಯಾಗಿದ್ದ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದರು ಅನ್ನುವುದು ಆರೋಪ. ಸ್ವಾಮಿಗಳು ಅದನ್ನು ನಿರಾಕರಿಸಿದ್ದಾರೆ, ಎಲ್ಲ ಪಿತೂರಿ ಎನ್ನುತ್ತಾರೆ. ಆರೋಪ ಸಾಬೀತಾಗಿಲ್ಲ, ನಿಜ. ಸಾಬೀತಾಗಲಿಕ್ಕೂ ಸುಳ್ಳಾಗಲಿಕ್ಕೂ ಆರೋಪಿ ಕೋರ್ಟಿಗೆ ಬರಬೇಕಲ್ಲ. ಸೂರ್ಯನನ್ನು 40 ನಿಮಿಷ ತಡವಾಗಿ ಹುಟ್ಟಿಸಿದೆ ಅಂದವರು ಅವರು. ಹಸು, ಸಿಂಹಗಳ ಬಾಯಲ್ಲಿ ತಮಿಳು, ಸಂಸ್ಕೃತ ಮಾತಾಡಿಸುತ್ತೇನೆ ಅಂದವರು. ಒಂದು ದಿನ ಬೆಳಗ್ಗೆ 11 ಗಂಟೆಗೆ ರಾಮನಗರದಲ್ಲಿ ಹಾಜರಾಗುವುದು ಇವೆರಡಕ್ಕಿಂತ ಕಷ್ಟವೇ?

2012 ಅವರ ಪಾಲಿಗೆ ಭಾರೀ ವರ್ಷ. ಏಪ್ರಿಲ್‌ನಲ್ಲಿ ಮದುರೈ ಆಧೀನಂ ಅನ್ನುವ ಪುರಾತನ ಶೈವ ಮಠದ 293ನೇ ಪೀಠಾಧಿಪತಿಯಾಗಿ ನೇಮಕವಾದರು. ಕೇಸು ನಡೆಯುತ್ತಿದೆಯಲ್ಲ ಅನ್ನುವುದು ನೇಮಿಸಿದ 292ನೆಯವರಿಗೆ ಅಡ್ಡಿ ಅನಿಸಲಿಲ್ಲ. ತಮಿಳುನಾಡಿನಲ್ಲಿ ಗಲಾಟೆ ಎದ್ದಿತು. ಅಕ್ಟೋಬರ್ ಹೊತ್ತಿಗೆ ಕೊಟ್ಟ ಕೈಯೇ ಕಿತ್ತುಕೊಂಡಿತು. ನಡುವೆ ಜೂನ್‌ನಲ್ಲಿ, ಆರೋಪಗಳಿಗೆ ಉತ್ತರ ಕೊಡುತ್ತೇನೆ ಅಂತ ಬಿಡದಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಪ್ರಶ್ನೆ ಕೇಳಿದ ವರದಿಗಾರನನ್ನು ಹೊರಗೆ ಹಾಕಿ ಅಂದದ್ದೇ ಉತ್ತರವಾಯಿತು. ಹೊಡೆದಾಟ, ಪ್ರತಿಭಟನೆ. ಆಗ ಮುಖ್ಯಮಂತ್ರಿಯಾಗಿದ್ದ ಸದಾನಂದ ಗೌಡರು ಅವರನ್ನು ಬಂಧಿಸಿ, ಆಶ್ರಮಕ್ಕೆ ಬೀಗ ಹಾಕಿ ಅಂದರು. ಸ್ವಾಮಿಗಳು ತಾವಾಗಿಯೇ ರಾಮನಗರ ಕೋರ್ಟಿಗೆ ಬಂದು ಶರಣಾದರು. ಅಂದರೆ ದಾರಿ ಗೊತ್ತಿದೆ.

2018ರಲ್ಲಿ ಕೋರ್ಟು ಆರೋಪ ನಿಗದಿ ಮಾಡಿತು. ಅದೇ ವರ್ಷ ಅವರ ಪಾಸ್‌ಪೋರ್ಟ್ ಅವಧಿಯೂ ಮುಗಿದಿತ್ತು. ಆಮೇಲೆ ಮನುಷ್ಯ ನಾಪತ್ತೆ. 2019ರ ನವೆಂಬರ್‌ನಲ್ಲಿ ಅಹಮದಾಬಾದ್ ಆಶ್ರಮದಲ್ಲಿ ಮಕ್ಕಳನ್ನು ಕೂಡಿಹಾಕಿ ದೇಣಿಗೆ ಸಂಗ್ರಹಕ್ಕೆ ಬಳಸಿದರು ಎಂದು ದೂರು ದಾಖಲಾಗಿ, ಗುಜರಾತ್ ಪೊಲೀಸರು ಇಬ್ಬರು ಶಿಷ್ಯೆಯರನ್ನು ಬಂಧಿಸಿದರು. ಗುರುಗಳು ಸಿಗಲಿಲ್ಲ. ಇಂಟರ್‌ಪೋಲ್ ನೋಟಿಸೂ ಹೊರಟಿತು.

ಆದರೆ ನನಗೆ ಅತ್ಯಂತ ಪ್ರಿಯವಾದ ದಾಖಲೆ ನಮ್ಮದೇ ಹೈಕೋರ್ಟಿನದು. 2020ರ ಫೆಬ್ರವರಿಯಲ್ಲಿ ಜಾಮೀನು ರದ್ದು ಕೋರಿದ ಅರ್ಜಿಯ ನೋಟಿಸ್ ಯಾಕೆ ಕೊಟ್ಟಿಲ್ಲ ಅನ್ನುವ ಪ್ರಶ್ನೆ ಬಂತು. ಸ್ವಾಮಿಗಳು ಆಧ್ಯಾತ್ಮಿಕ ಪ್ರವಾಸದಲ್ಲಿದ್ದಾರೆ, ಅದಕ್ಕೆ ಶಿಷ್ಯೆಯೊಬ್ಬರ ಕೈಗೆ ಕೊಟ್ಟು ಬಂದೆವು ಎಂದು ಪೊಲೀಸರು ತಿಳಿಸಿದರು. ಆಧ್ಯಾತ್ಮಿಕ ಪ್ರವಾಸ! ಎಂಥ ಪದ ನೋಡಿ. ಕೋಳಿ ಕದ್ದವನು ಊರು ಬಿಟ್ಟರೆ ‘ತಲೆಮರೆಸಿಕೊಂಡಿದ್ದಾನೆ’. ಬ್ಯಾಂಕ್ ಸಾಲದ ರೈತ ಮಗಳ ಮನೆಗೆ ಹೋದರೆ ‘ಪತ್ತೆಯಿಲ್ಲ’. ಕಾವಿ ಉಟ್ಟವರು ದೇಶ ಬಿಟ್ಟರೆ ಪ್ರವಾಸ. ಹೈಕೋರ್ಟ್ ಜಾಮೀನು ರದ್ದು ಮಾಡಿತು.

“ನೋಟಿಸ್ ಜಾರಿ ಅಂದ್ರೆ ಏನು ಗೊತ್ತಾ?” ದೊಡ್ಡಪ್ಪನಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. “ಆಸಾಮಿ ಸಿಗಲಿಲ್ವಾ, ಮನೆ ಬಾಗಿಲಿಗೆ ಅಂಟಿಸಬೇಕು. ಇಬ್ಬರು ಪಂಚರ ಸಹಿ ತಗೋಬೇಕು. ಮಹಜರು ಬರೀಬೇಕು. ಮುಗೀತು. ದೇಶ ಮಾಡ್ಕೊಂಡಿದೀನಿ ಅಂತಾನಲ್ಲ, ದೇಶಕ್ಕೊಂದು ಬಾಗಿಲಿರಲ್ವಾ?”

ಬಾಗಿಲು ಇತ್ತು ಮಾರಾಯ್ರೆ, ಮುಚ್ಚಿಯೂ ಆಗಿತ್ತು. 2020ರ ಗಣೇಶನ ಹಬ್ಬಕ್ಕೆ ರಿಸರ್ವ್ ಬ್ಯಾಂಕ್ ಆಫ್ ಕೈಲಾಸ, ನಾಣ್ಯ ಎಲ್ಲ ಬಂತು. ಡಿಸೆಂಬರ್‌ನಲ್ಲಿ ಮೂರು ದಿನದ ವೀಸಾ ಕೊಡುತ್ತೇವೆ, ನೀವು ಆಸ್ಟ್ರೇಲಿಯಾದವರೆಗೆ ಬನ್ನಿ, ಅಲ್ಲಿಂದ ನಮ್ಮ ವಿಮಾನದಲ್ಲಿ ಕರೆದೊಯ್ಯುತ್ತೇವೆ ಅನ್ನುವ ಪ್ರಕಟಣೆ. 2021ರ ಏಪ್ರಿಲ್‌ನಲ್ಲಿ ಕೊರೊನಾ ಎರಡನೇ ಅಲೆ ಬಂದಾಗ, ಭಾರತದಿಂದ ಬರುವವರಿಗೆ ಪ್ರವೇಶವಿಲ್ಲ ಅನ್ನುವ ಆದೇಶ. ಎಲ್ಲಿದೆ ಅಂತ ಒಬ್ಬನಿಗೂ ಗೊತ್ತಿಲ್ಲದ ದೇಶ ಗಡಿ ಮುಚ್ಚಿತ್ತು. ಆ ವರ್ಷ ಜಗತ್ತಿನಲ್ಲೇ ಅತಿ ಕಟ್ಟುನಿಟ್ಟಾಗಿ ಪಾಲನೆಯಾದ ಲಾಕ್‌ಡೌನ್ ಅದೇ ಇರಬೇಕು.

“ಗಡಿ ಮುಚ್ಚಿದ್ರು ಅಂದ್ಮೇಲೆ ಗಡಿ ಇರಬೇಕಲ್ಲೋ!” ದೊಡ್ಡಪ್ಪನಿಗೆ ಕ್ಷಣಕಾಲ ಆಸೆ ಹುಟ್ಟಿತು. ಚೆಕ್ಕುಬಂದಿ ಸಿಕ್ಕಿಯೇ ಬಿಟ್ಟಿತು ಅನ್ನುವ ಹಾಗೆ.

ಇಷ್ಟರವರೆಗೆ ನಾವು ಭಾರತೀಯರೇ ಮಂಗ ಆಗುತ್ತಿದ್ದೇವೆ ಅಂದುಕೊಂಡಿದ್ದೆ. ಸಮಾಧಾನದ ವಿಷಯ, ಹೊರಗಿನವರೂ ಕೈಜೋಡಿಸಿದರು. 2023ರ ಜನವರಿಯಲ್ಲಿ ಅಮೆರಿಕದ ನ್ಯೂವಾರ್ಕ್ ನಗರ ತನ್ನ ಸಿಟಿ ಹಾಲ್‌ನಲ್ಲಿ ಕೈಲಾಸದ ಜೊತೆ ‘ಸೋದರಿ ನಗರ’ ಒಪ್ಪಂದ ಮಾಡಿಕೊಂಡಿತು. ಫೋಟೋ ಹೊಡೆಸಿಕೊಂಡಿತು. ಆರು ದಿನಕ್ಕೆ, ಅಯ್ಯೋ ಅಂಥ ಊರೇ ಇಲ್ಲವಂತೆ ಅಂತ ಗೊತ್ತಾಗಿ ರದ್ದು ಮಾಡಿತು. ಗೂಗಲ್‌ನಲ್ಲಿ ಹುಡುಕಲು ಆರು ದಿನ ಬೇಕಾಗಿಲ್ಲ. ನಮ್ಮಲ್ಲಿ ಸಂಬಂಧ ಕೂಡಿಸುವ ಮೊದಲು ಹುಡುಗನ ಮನೆ ಹತ್ತಿರದ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಒಬ್ಬ ಅತ್ತೆಯನ್ನು ನ್ಯೂವಾರ್ಕ್‌ಗೆ ಕಳಿಸಿದ್ದರೆ ಸಾಕಿತ್ತು.

ಪರಾಗ್ವೆಯದು ಇನ್ನೂ ಚೆಂದ. ಅದೇ ವರ್ಷದ ಕೊನೆಗೆ ಅಲ್ಲಿನ ಕೃಷಿ ಸಚಿವಾಲಯದ ದೊಡ್ಡ ಅಧಿಕಾರಿಯೊಬ್ಬರು ಕೈಲಾಸದ ಜೊತೆ ಒಡಂಬಡಿಕೆಗೆ ಸಹಿ ಹಾಕಿದರು. ಸರ್ಕಾರಿ ಕಾಗದ, ಸರ್ಕಾರಿ ಮೊಹರು. ಆ ದೇಶ ಎಲ್ಲಿದೆ ಅಂತ ತನಗೆ ಗೊತ್ತಿರಲಿಲ್ಲ, ಸಹಾಯ ಮಾಡ್ತೀವಿ ಅಂದರು, ಸಹಿ ಹಾಕಿದೆ ಎಂದು ಆಮೇಲೆ ಒಪ್ಪಿಕೊಂಡರು. ಕೆಲಸ ಹೋಯಿತು. ಪಾಪ, ಪ್ರಾಮಾಣಿಕ. ಗೊತ್ತಿರಲಿಲ್ಲ ಅಂತ ನೇರವಾಗಿ ಒಪ್ಪಿಕೊಳ್ಳೋಕೂ ಧೈರ್ಯ ಬೇಕು.

ಬೊಲಿವಿಯಾದಲ್ಲಿ ಮಾತ್ರ ನಗು ಬರುವುದಿಲ್ಲ. ಅಲ್ಲಿ ಅಮೆಜಾನ್ ಕಾಡಿನ ಬೌರೆ ಅನ್ನುವ ಮೂಲನಿವಾಸಿಗಳ ಹತ್ತಿರ ಕೈಲಾಸದವರು ಹೋದರು. 25 ವರ್ಷಕ್ಕೆ ಭೂಮಿ ಗುತ್ತಿಗೆ ಅಂತ ಮಾತಾಯಿತು. ಕಾಗದ ಬಂದಾಗ ಅದು ಇಂಗ್ಲಿಷಿನಲ್ಲಿತ್ತು, ಅವಧಿ 1000 ವರ್ಷವಾಗಿತ್ತು, ನೆಲದ ಜೊತೆ ಆಕಾಶ, ನೆಲದಡಿಯ ಸಂಪತ್ತು ಎಲ್ಲ ಸೇರಿತ್ತು. 2025ರಲ್ಲಿ ಅಲ್ಲಿನ ಪತ್ರಿಕೆಯವರು ಬಯಲಿಗೆಳೆದ ಮೇಲೆ ಸರ್ಕಾರ ಒಪ್ಪಂದ ತಳ್ಳಿಹಾಕಿ 20 ಮಂದಿಯನ್ನು ಗಡೀಪಾರು ಮಾಡಿತು.

ದೊಡ್ಡಪ್ಪ ಇದಕ್ಕೆ ತುಂಬಾ ಹೊತ್ತು ಮಾತಾಡಲಿಲ್ಲ. 99 ವರ್ಷದ ಲೀಸ್ ಅವರು ಕಂಡಿದ್ದರು. ಓದು ಬರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಎರಡು ಗುಂಟೆಯನ್ನು ಎರಡು ಎಕರೆ ಮಾಡಿದ ಕಾಗದಗಳನ್ನೂ ಕಂಡಿದ್ದರು. “ಇದು ಆಧ್ಯಾತ್ಮ ಅಲ್ಲ ಕಣೋ,” ಅಂದರು. “ಇದು ನಮ್ಮ ಹೋಬಳಿ.”

ವರದಿ ಒಂದೂವರೆ ಪುಟ ಆಗಿತ್ತು. ಪಹಣಿ ಇಲ್ಲ. ಚೆಕ್ಕುಬಂದಿಯಲ್ಲಿ ಮೂರು ದಿಕ್ಕು ಮೋಡ. ಆಸಾಮಿ ಪ್ರವಾಸದಲ್ಲಿ. ಕೇಸು ಎಷ್ಟು ಹಳತೆಂದರೆ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಬಂತು. ಕೊನೆಗೆ, ಮಗನ ಟಿಸಿ ನೆನಪಾಗಿಯೋ ಏನೋ, ದೊಡ್ಡಪ್ಪ ಕೆಳಗೆ ‘ನಡತೆ’ ಅಂತ ಬರೆದು ಎರಡು ಚುಕ್ಕಿ ಇಟ್ಟರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಏನೂ ಬರೆಯದೆ ಪೆನ್ನಿನ ಕ್ಯಾಪ್ ಮುಚ್ಚಿದರು.

“ಹಾಗೆ ಖಾಲಿ ಬಿಟ್ರೆ ಎಲ್ಲೂ ಸೀಟ್ ಕೊಡಲ್ಲ ದೊಡ್ಡಪ್ಪ,” ಅಂದೆ. ನನಗೆ ಆಗಿರುವ ಅನುಭವ.

ದೊಡ್ಡಪ್ಪ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ನನ್ನ ಮುಂದೆ ಹಿಡಿದರು. 2023ರ ಫೆಬ್ರವರಿಯದು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಸಮಿತಿಯ ಸಭೆ. ಯಾರು ಬೇಕಾದರೂ ಹೆಸರು ಬರೆಸಿ ಬರಬಹುದಾದ ಸಭೆ. ಅಲ್ಲಿ ಕೈಲಾಸದ ಪ್ರತಿನಿಧಿ, ತಲೆಗೆ ಪೇಟ, ಮೈತುಂಬ ಒಡವೆ, ಮುಂದೆ ಮೈಕು. ಗುರುಗಳಿಗೆ ತಾಯ್ನಾಡಿನಲ್ಲಿ ಕಿರುಕುಳ ಆಗಿದೆ ಎಂದು ಹೇಳಿದ ದಿನ ಅದು. ಆ ಮಾತನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆಯವರು ಆಮೇಲೆ ಹೇಳಿದರು. ಫೋಟೋ ಅಷ್ಟರಲ್ಲಿ ಊರೆಲ್ಲ ಸುತ್ತಿ, ದೊಡ್ಡಪ್ಪನ ವಾಟ್ಸಾಪ್‌ಗೂ ಬಂದಿತ್ತು.

“ಯಾವಾನೋ ಹೇಳಿದ್ದು ಕೊಡಲ್ಲ ಅಂತ?” ಅಂದರು ದೊಡ್ಡಪ್ಪ. “ಕುರ್ಚಿ ನೋಡು, ಎಷ್ಟು ಚೆನ್ನಾಗಿದೆ.”