ಎಷ್ ಎಷ್ಟು?

ಲಕ್ಸೆಂಬರ್ಗ್ ನಗರದ ರೈಲು ನಿಲ್ದಾಣದಲ್ಲಿ ನಾನು ಮಾಡಿದ ಮೊದಲ ಕೆಲಸ ಟಿಕೆಟ್ ಕೌಂಟರ್ ಹುಡುಕಿದ್ದು. ಎರಡನೆಯದು, ಅದರ ಅಗತ್ಯವಿಲ್ಲವೆಂದು ಮೂವರಿಂದ ಹೇಳಿಸಿಕೊಂಡದ್ದು. 2020ರ ಫೆಬ್ರವರಿ 29ರಿಂದ ಲಕ್ಸೆಂಬರ್ಗ್ ದೇಶದ ಬಸ್ಸು, ಟ್ರಾಮು, ರೈಲುಗಳೆಲ್ಲ ಉಚಿತ. ಅಲ್ಲಿನವರಿಗೆ ಮಾತ್ರವಲ್ಲ, ನನ್ನಂತೆ ನಾಲ್ಕು ದಿನ ಬಂದು ಹೋಗುವವರಿಗೂ. ಇದನ್ನು ಓದಿಕೊಂಡೇ ಹೋಗಿದ್ದೆ. ಆದರೆ ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗಲು ಸಮಯ ಬೇಕು. ರೈಲಿನಲ್ಲಿ ಕುಳಿತ ಮೇಲೂ ಬಲಗೈ ಐದೈದು ನಿಮಿಷಕ್ಕೊಮ್ಮೆ ಜೇಬಿಗಿಳಿದು, ಇಲ್ಲದ ಟಿಕೆಟನ್ನು ತಡಕಿ, ಗಾಬರಿಯಿಂದ ಹೊರಬರುತ್ತಿತ್ತು.

ಅದರ ಮೇಲೆ ಸಮವಸ್ತ್ರದ ಒಬ್ಬರು ನನ್ನತ್ತಲೇ ಬಂದರು. ಉಚಿತ ಅಲ್ಲವೇ ಎಂದು ನಾನು ಧೈರ್ಯದಿಂದ ನಕ್ಕೆ. ಅವರೂ ನಕ್ಕು, ಗಾಜಿನ ಬಾಗಿಲ ಮೇಲಿದ್ದ ‘1’ ಎಂಬ ಅಂಕಿಯನ್ನು ತೋರಿಸಿದರು. ಉಚಿತವಿರುವುದು ಎರಡನೆಯ ದರ್ಜೆ. ಮೊದಲ ದರ್ಜೆಗೆ ಈಗಲೂ ದುಡ್ಡು ಕೊಡಬೇಕು. ಆ ಬೋಗಿ ಅಷ್ಟು ಖಾಲಿಯಾಗಿ, ಅಷ್ಟು ಮೆತ್ತಗೆ ಏಕಿತ್ತು ಎಂಬುದು ಆಗ ಅರ್ಥವಾಯಿತು. ಚೀಲ ಎತ್ತಿಕೊಂಡು, ಏನೂ ಆಗದವನಂತೆ ಕಿಟಕಿಯ ಹೊರಗೆ ನೋಡುತ್ತಾ ಮುಂದಿನ ಬೋಗಿಗೆ ನಡೆದೆ. ನಡೆಯುತ್ತಾ ಕಿಟಕಿಯ ಹೊರಗೆ ನೋಡುವುದು ಅಷ್ಟು ಸುಲಭವಲ್ಲ. ಇಬ್ಬರ ಕಾಲು ತುಳಿದೆ.

ಉತ್ತರದಿಂದ ದಕ್ಷಿಣಕ್ಕೆ 82 ಕಿಲೋಮೀಟರ್, ಒಟ್ಟು ವಿಸ್ತೀರ್ಣ 2,586 ಚದರ ಕಿಲೋಮೀಟರ್. ಇಂಥ ಅಂಗೈಯಗಲದ ದೇಶದಲ್ಲಿ ದಾರಿ ತಪ್ಪಬೇಕಾದರೆ ಪ್ರತಿಭೆ ಬೇಕು ಎಂದುಕೊಂಡಿದ್ದೆ. ನನ್ನಲ್ಲಿ ಅದಕ್ಕೇನೂ ಕೊರತೆಯಿರಲಿಲ್ಲ ಎಂಬುದು ಎರಡನೆಯ ದಿನ ಸಾಬೀತಾಯಿತು.

ನಾನು ನೋಡಬೇಕೆಂದಿದ್ದ ಊರು ಎಷ್. ಚಿತ್ರದಲ್ಲಿ ಕಂಡಂತೆ, ಹಸಿರು ಬೆಟ್ಟಗಳ ನಡುವೆ ನದಿಯೊಂದು ಬಳೆಯಂತೆ ಬಾಗಿ ಹರಿಯುತ್ತದೆ; ಬಳೆಯೊಳಗಿನ ಬಂಡೆಯ ಮೇಲೆ ಹತ್ತನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಕೋಟೆಯ ಅವಶೇಷ; ಕೆಳಗೆ ಕಪ್ಪು ಹೆಂಚಿನ ನಾಲ್ಕಾರು ಮನೆ. ನಿಲ್ದಾಣದ ಫಲಕದಲ್ಲಿ ‘ಎಷ್’ ಎಂದು ಕಂಡಿತು, ರೈಲು ನಿಂತಿತ್ತು, ಹತ್ತಿದೆ. ಇಳಿದೆ. ಎದುರಿಗೆ ಒಂದು ದೊಡ್ಡ ಪಟ್ಟಣ.

ಚಿತ್ರ ತೆಗೆದವನು ಎಲ್ಲೋ ಒಳ್ಳೆಯ ಮೂಲೆಯಲ್ಲಿ ನಿಂತಿರಬೇಕು ಎಂದು ಸಮಾಧಾನ ಹೇಳಿಕೊಂಡು ಹೊರಟೆ. ಉದ್ದನೆಯ ಅಂಗಡಿಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಬೂಟಿನಂಗಡಿ, ಕನ್ನಡಕದಂಗಡಿ, ಮತ್ತೆ ಬೂಟಿನಂಗಡಿ. ಬೆಟ್ಟವಿಲ್ಲ. ಕೋಟೆ ಹೋಗಲಿ, ನದಿಯಾದರೂ ಇರಬೇಡವೇ? ಊರಿನ ಹೆಸರೇ ನದಿಯ ಮೇಲಿನ ಎಷ್ ಎಂದು. ಕೊನೆಗೆ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ‘ಮೋಯೆನ್’ ಎಂದು ಅವರ ನುಡಿಯಲ್ಲೇ ನಮಸ್ಕರಿಸಿ, ನದಿ ಎಲ್ಲಿದೆ ಎಂದು ಕೇಳಿದೆ. ಅವರು ಶಾಂತವಾಗಿ ಕಾಲಕೆಳಗಿನ ನೆಲವನ್ನು ತೋರಿಸಿದರು.

ನನಗೆ ತಮಾಷೆ ಮಾಡುತ್ತಿದ್ದಾರೆ ಎನ್ನಿಸಿತು. ಇಲ್ಲ, ನಿಜವೇ. ಆಲ್ಜೆಟ್ ನದಿ ಆ ಊರಿನಲ್ಲಿ ಬಹುಪಾಲು ನೆಲದಡಿಯ ಕಾಲುವೆಯಲ್ಲಿ ಹರಿಯುತ್ತದೆ. ನಾನು ಅರ್ಧ ಗಂಟೆಯಿಂದ ಹುಡುಕುತ್ತಾ ಅದರ ಸುತ್ತಮುತ್ತಲೇ ತಿರುಗುತ್ತಿದ್ದೆ. ಮೊಬೈಲಿನಲ್ಲಿ ಕೋಟೆಯ ಚಿತ್ರ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿ, ನನ್ನ ಬೆನ್ನು ತಟ್ಟಿದರು. “ಇದು ಇನ್ನೊಂದು ಎಷ್.”

ಎಷ್ ಎರಡಿವೆ. ನಾನು ನಿಂತದ್ದು ಎಷ್-ಸ್ಯುರ್-ಆಲ್ಜೆಟ್, ಅಂದರೆ ಆಲ್ಜೆಟ್ ನದಿಯ ಮೇಲಿನ ಎಷ್, ದೇಶದ ಎರಡನೆಯ ದೊಡ್ಡ ಪಟ್ಟಣ, ಉಕ್ಕಿನ ಊರು, ಫ್ರಾನ್ಸ್ ಗಡಿಯ ಮಗ್ಗುಲಲ್ಲಿ. ಚಿತ್ರದಲ್ಲಿದ್ದದ್ದು ಎಷ್-ಸ್ಯುರ್-ಸ್ಯೂರ್, ಅಂದರೆ ಸ್ಯೂರ್ ನದಿಯ ಮೇಲಿನ ಎಷ್, ಕೆಲವೇ ನೂರು ಜನರ ಹಳ್ಳಿ, ದೇಶದ ಉತ್ತರದಲ್ಲಿ. ಅಲ್ಲಿಗೆ ರೈಲೇ ಇಲ್ಲ. ಇದೇ ಜನ ಉತ್ತರದ ಒಂದು ಊರನ್ನು ಫ್ರೆಂಚಿನಲ್ಲಿ ಟ್ರ್ವಾವಿಯೆರ್ಜ್, ಜರ್ಮನ್ನಿನಲ್ಲಿ ಉಲ್ಫ್ಲಿಂಗೆನ್, ಲಕ್ಸೆಂಬರ್ಗಿಶ್‌ನಲ್ಲಿ ಎಲ್ವೆನ್ ಎಂದು ಕರೆಯುತ್ತಾರೆ. ಒಂದು ಊರಿಗೆ ಮೂರು ಹೆಸರಿಡುವಷ್ಟು ಧಾರಾಳಿಗಳು ಎರಡು ಊರಿಗೆ ಒಂದೇ ಹೆಸರಿಟ್ಟು ಅದೇನು ಉಳಿಸಿದರೋ!

ತಪ್ಪು ಯಾರದು ಎಂದು ವಾಪಸ್ ರೈಲಿನಲ್ಲಿ ಯೋಚಿಸಿದೆ. ನನ್ನದೇ, ಆದರೆ ಅಷ್ಟು ಬೇಗ ಒಪ್ಪಲು ಮನಸ್ಸಿರಲಿಲ್ಲ. ಕೌಂಟರ್ ಮುಂದೆ ಸಾಲಿನಲ್ಲಿ ನಿಲ್ಲುವಂತಿದ್ದರೆ, ಗಾಜಿನ ಹಿಂದಿನವರು “ಯಾವ ಎಷ್?” ಎಂದು ಕೇಳಿಯೇ ಕೇಳುತ್ತಿದ್ದರು. ಎಲ್ಲರೂ “ಎಷ್ಟು?” ಎಂದು ಕೇಳಿ ಹತ್ತುವ ಲೋಕದಲ್ಲಿ, ಆ ಪ್ರಶ್ನೆಯೇ ಬೇಡದ ದೇಶಕ್ಕೆ ಬಂದು, ಎಷ್ ಎಷ್ಟು ಎಂದು ಕೇಳುವುದನ್ನೂ ಮರೆತಿದ್ದೆ.

ಮತ್ತೆ ರಾಜಧಾನಿ, ಅಲ್ಲಿಂದ ಉತ್ತರಕ್ಕೆ ಎಟೆಲ್‌ಬ್ರುಕ್, ಅಲ್ಲಿಂದ ಬಸ್ಸು. ಈ ಬಾರಿ ಚಾಲಕರಿಗೆ ಊರಿನ ಹೆಸರನ್ನು ಪೂರ್ತಿ, ಬಾಲಸಮೇತ, ಎರಡು ಸಲ ಹೇಳಿದೆ. ಅವರು ತಲೆಯಾಡಿಸಿದರು. ಬೆಟ್ಟ ಬಂತು, ನದಿ ಬಂತು, ಬಂಡೆಯ ಮೇಲಿನ ಕೋಟೆ ಚಿತ್ರದಲ್ಲಿದ್ದಂತೆಯೇ ಬಂತು, ಹಾಗೆಯೇ ಹಿಂದಕ್ಕೂ ಹೋಯಿತು. ಇಳಿಯುವವರು ಕೆಂಪು ಗುಂಡಿ ಒತ್ತಬೇಕಿತ್ತಂತೆ. ನಾನು ಕೂಗಿಕೊಂಡಾಗ ಚಾಲಕರು ಕನ್ನಡಿಯಲ್ಲಿ ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ಬರೀ ಕುತೂಹಲವಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದೆ. ಕೋಟೆ ತಲುಪಿದಾಗ, ವಾಪಸ್ ಬಸ್ಸಿಗೆ ಉಳಿದಿದ್ದದ್ದು ಇಪ್ಪತ್ತು ನಿಮಿಷ. ಅದರಲ್ಲಿ ಐದನ್ನು ಬಸ್ ನಿಲ್ಲುವುದು ರಸ್ತೆಯ ಯಾವ ಬದಿಯಲ್ಲಿ ಎಂದು ತಿಳಿಯಲು ಕಳೆದೆ.

ಮೂರನೆಯ ದಿನ ಯಾವ ಊರಿಗೂ ಹೋಗದೆ ರಾಜಧಾನಿಯಲ್ಲೇ ಉಳಿದೆ. ಫಾಫೆಂಟಾಲ್ ಕಣಿವೆಯಿಂದ ಮೇಲಿನ ನಗರಕ್ಕೆ 71 ಮೀಟರ್ ಎತ್ತರದ ಗಾಜಿನ ಲಿಫ್ಟ್, ಎದುರು ಗುಡ್ಡಕ್ಕೆ ಹಗ್ಗದ ರೈಲು. ಎರಡೂ ಉಚಿತ. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎಂಬಂತೆ ನಾಲ್ಕು ಸಲ ಹತ್ತಿಳಿದೆ. ಮೇಲೆ ಅಥವಾ ಕೆಳಗೆ, ಎರಡೇ ದಿಕ್ಕು. ಅಲ್ಲಿ ಮಾತ್ರ ತಪ್ಪಲಿಲ್ಲ.

ಕೊನೆಯ ದಿನ ಪೂರ್ವದ ವಾಸ್ಸರ್‌ಬಿಲ್ಲಿಗ್‌ಗೆ ಹೊರಟೆ. ಆ ರೈಲಿನ ಓಟ ಅಲ್ಲಿಗೇ ಮುಗಿಯದೆ ಮುಂದೆ ಜರ್ಮನಿಯ ಟ್ರಿಯರ್‌ಗೆ ಸಾಗುತ್ತದೆ, ಗಡಿ ದಾಟಿದರೆ ಟಿಕೆಟ್ ಬೇಕು. ಇಲ್ಲದಿದ್ದರೆ ಅಲ್ಲಿ ದಂಡ 60 ಯೂರೋ. ಇಷ್ಟು ದಿನದ ಉಚಿತವನ್ನೆಲ್ಲ ಒಂದೇ ಏಟಿಗೆ ಕಕ್ಕುವ ಭಯದಿಂದ, ಎರಡು ನಿಲ್ದಾಣ ಮೊದಲೇ ಎದ್ದು, ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತೆ.

ಇಳಿದು ನಡೆದರೆ ಸ್ವಲ್ಪ ದೂರದಲ್ಲೇ ಒಂದು ಸಣ್ಣ ನದಿ ಬಂದು ಮೊಸೆಲ್ ನದಿಯನ್ನು ಕೂಡುತ್ತದೆ. ಫಲಕ ಓದಿದೆ: ಸ್ಯೂರ್. ನನ್ನ ಕೋಟೆಯನ್ನು ಬಳಸಿ ಬಂದ ಅದೇ ನದಿ. ನಕ್ಷೆ ತೆಗೆದು ಬೆರಳಿಟ್ಟು ನೋಡಿದೆ. ಆ ತಪ್ಪು ಎಷ್‌ನ ನೆಲದಡಿಯ ಆಲ್ಜೆಟ್ ಕೂಡ ಉತ್ತರಕ್ಕೆ ಹರಿದು, ರಾಜಧಾನಿಯನ್ನು ಹಾದು, ಎಟೆಲ್‌ಬ್ರುಕ್ ಬಳಿ ಸ್ಯೂರ್ ನದಿಯನ್ನೇ ಸೇರುತ್ತದೆ. ನಾನು ಎರಡು ರೈಲು, ಒಂದು ಬಸ್ಸು ಬದಲಿಸಿ, ಬೆವರಿ ಮಾಡಿದ ಪ್ರಯಾಣದ ಮುಕ್ಕಾಲು ಪಾಲನ್ನು ಆ ನದಿ ಯಾರನ್ನೂ ಕೇಳದೆ ಮಾಡಿ ಮುಗಿಸಿತ್ತು. ಆಚೆ ದಡ ಜರ್ಮನಿ. ಸೇತುವೆಯ ಮೇಲೆ ಅರ್ಧದವರೆಗೆ ಹೋದವನು, ಬಲಗೈ ಜೇಬಿಗಿಳಿದದ್ದು ತಿಳಿದು, ಹಿಂದಿರುಗಿದೆ.