ಹ್ಯಾಂಡಲ್ ಕೆಟ್ಟರೆ ಕಿಟಕಿಯನ್ನೇ ಕಿತ್ತು ಹಾಕಬೇಕೆ?

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಈಚೆಗೆ ಎದ್ದಿರುವ ಮನೆಗಳಲ್ಲಿ ಸಾಗುವಾನಿ, ಹಲಸಿನ ಮರದ ಕಿಟಕಿಗಳು ಅಪರೂಪವಾಗಿವೆ. ಬಿಳಿಯ ಯುಪಿವಿಸಿ ಪ್ಲಾಸ್ಟಿಕ್ಕಿನ ಚೌಕಟ್ಟು, ಅದರೊಳಗೆ ಎರಡು ಪದರದ ಗಾಜು ಬಂದು ಕುಳಿತಿವೆ. ಹೆದ್ದಾರಿ ಅಗಲವಾದ ಮೇಲೆ ಲಾರಿಗಳ ಸದ್ದು ಮಲಗುವ ಕೋಣೆಗೇ ಬರುತ್ತದೆ, ಆಷಾಢದ ಗಾಳಿ ಮಳೆಗೆ ಮರದ ಕದ ಉಬ್ಬಿ ಹಾಕಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಆದ್ದರಿಂದ ಈ ಬದಲಾವಣೆಯನ್ನು ನಾನು ತಪ್ಪೆನ್ನುವುದಿಲ್ಲ. ನನ್ನ ತಕರಾರು ಮುಂದಿನದರ ಬಗ್ಗೆ. ಹಾಕಿಸಿದ ನಾಲ್ಕೈದು ವರ್ಷಗಳಲ್ಲಿ ಹ್ಯಾಂಡಲ್ ಕೈಗೆ ಬರುತ್ತದೆ, ಲಾಕ್ ಬೀಳುವುದಿಲ್ಲ, ಕದ ಜೋತುಬಿದ್ದು ಚೌಕಟ್ಟಿಗೆ ಉಜ್ಜತೊಡಗುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ, ಆ ಮಾಡೆಲ್ ಈಗ ಬರುತ್ತಿಲ್ಲ, ಇಡೀ ಕಿಟಕಿಯನ್ನೇ ಬದಲಿಸಿಬಿಡಿ ಎಂಬ ಉತ್ತರ ಸಿಗುತ್ತದೆ. ಕಿಟಕಿ ಬಾಗಿಲುಗಳ ದುರಸ್ತಿಯನ್ನೇ ಕಸುಬಾಗಿ ಮಾಡಿಕೊಂಡಿರುವ ನನಗೆ, ಈ ಉತ್ತರ ಬಹುಪಾಲು ಸಂದರ್ಭಗಳಲ್ಲಿ ಸುಳ್ಳು ಎಂದು ಹೇಳುವುದರಲ್ಲಿ ಸಂಕೋಚವಿಲ್ಲ.

ಯುಪಿವಿಸಿ ಎಂಬುದು ಮೆದುಗೊಳಿಸುವ ರಾಸಾಯನಿಕ ಬೆರೆಸದ ಪಿವಿಸಿ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಉಪ್ಪು ತಾಗಿದರೆ ಏನೂ ಆಗುವುದಿಲ್ಲ, ಒಳ್ಳೆಯ ದರ್ಜೆಯದಾದರೆ ದಶಕಗಳ ಕಾಲ ನಿಲ್ಲುತ್ತದೆ. ಆದರೆ ಅದನ್ನು ತೆರೆದು ಮುಚ್ಚುವ ಅಂಗಗಳು ಬಹುಪಾಲು ಲೋಹದವು: ಬಿಜಾಗ್ರಿ, ಹ್ಯಾಂಡಲ್, ಹ್ಯಾಂಡಲ್ ತಿರುಗಿಸಿದಾಗ ಲಾಕನ್ನು ಸರಿಸುವ ಗೇರ್ ಬಾಕ್ಸ್, ರೋಲರ್, ಸ್ಕ್ರೂ. ಸಮುದ್ರದ ಪಕ್ಕದಲ್ಲಿ ಚೌಕಟ್ಟಿಗಿಂತ ಮೊದಲು ಸಾಯುವುದು ಈ ಲೋಹವೇ. ಹಾಗಿರುವಾಗ ಕೆಲವು ನೂರು ರೂಪಾಯಿಯ, ಹೆಚ್ಚೆಂದರೆ ಒಂದೆರಡು ಸಾವಿರದ ಬಿಡಿಭಾಗ ಹಾಳಾಯಿತೆಂದು ಗಟ್ಟಿಮುಟ್ಟಾದ ಚೌಕಟ್ಟನ್ನೂ ಗಾಜನ್ನೂ ಒಡೆದು ತೆಗೆದು, ಗೋಡೆಯ ಗಾರೆ ಕಿತ್ತು, ಮತ್ತೆ ಬಣ್ಣ ಹೊಡೆಸುವುದು ಚಪ್ಪಲಿಯ ಉಂಗುಷ್ಠ ಹರಿಯಿತೆಂದು ಕಾಲನ್ನೇ ಬದಲಿಸಲು ಹೊರಟಂತೆ.

ನಮ್ಮಲ್ಲಿ ಲೋಹ ಇಷ್ಟು ಬೇಗ ಏಕೆ ಹಾಳಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರುತ್ತದೆ. ದಂಡೆಯಿಂದ ಮೊದಲ ಕೆಲವು ನೂರು ಮೀಟರುಗಳಲ್ಲಿ ಈ ಉಪ್ಪು ಅತಿ ಹೆಚ್ಚು ಬೀಳುತ್ತದೆ, ಒಳನಾಡಿಗೆ ಹೋದಂತೆ ಕಡಿಮೆಯಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಅಡುಗೆಯ ಉಪ್ಪಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅಡುಗೆಯ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದಾಗ ಗಾಳಿಯ ನೀರನ್ನು ಹೀರಿ ಒದ್ದೆಯಾದರೆ, ಮೆಗ್ನೀಸಿಯಂ ಕ್ಲೋರೈಡ್ ಶೇ. 33ರ ಸುಮಾರಿಗೇ ಹಾಗೆ ಒದ್ದೆಯಾಗಲು ಶುರು ಮಾಡುತ್ತದೆ. ಅಂದರೆ ನಮಗೆ ಒಣಹವೆ ಎನಿಸುವ ಜನವರಿಯಲ್ಲಿಯೂ ಬಿಜಾಗ್ರಿಯ ಸಂದಿಯಲ್ಲಿ ಕುಳಿತ ಉಪ್ಪು ಹಸಿಯಾಗಿಯೇ ಇರುತ್ತದೆ. ಇನ್ನೊಂದು ವಿಚಾರವನ್ನು ಅನೇಕರು ನಂಬುವುದಿಲ್ಲ: ಮಳೆಗೆ ನೇರವಾಗಿ ಒಡ್ಡಿಕೊಂಡ ಲೋಹಕ್ಕಿಂತ ಛಜ್ಜಾದ ಅಡಿಯಲ್ಲಿ, ಕದದ ಒಳಬದಿಯಲ್ಲಿ ಅಡಗಿದ ಲೋಹ ಬೇಗ ಹಾಳಾಗುತ್ತದೆ. ಮೊದಲನೆಯದನ್ನು ಮುಂಗಾರು ತೊಳೆದುಕೊಡುತ್ತದೆ. ಎರಡನೆಯದನ್ನು ತೊಳೆಯುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ಕದ ತೆರೆದು, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಿಜಾಗ್ರಿಯನ್ನೂ ಲಾಕಿನ ಪಟ್ಟಿಯನ್ನೂ ಒರೆಸಿದರೆ ಅವುಗಳ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. ಇದಕ್ಕೆ ನನ್ನಂಥವನನ್ನು ಕರೆಯುವ ಅಗತ್ಯವೂ ಇಲ್ಲ.

ಸ್ಟೀಲ್ ಎಂದರೆ ಎಲ್ಲವೂ ಒಂದೇ ಅಲ್ಲ. 304 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತವೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿಸಿರುತ್ತಾರೆ. ಉಪ್ಪು ಲೋಹದಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುವುದನ್ನು ತಡೆಯುವುದು ಇದೇ. ನಿಕ್ಕಲ್ ಇಲ್ಲದ 430 ದರ್ಜೆಯ ಅಗ್ಗದ ಸ್ಟೀಲನ್ನೂ ಸ್ಟೇನ್‌ಲೆಸ್ ಎಂದೇ ಮಾರುತ್ತಾರೆ. ಅಯಸ್ಕಾಂತ ಬಲವಾಗಿ ಹಿಡಿದರೆ ಅದು 430 ಅಥವಾ ಸಾದಾ ಕಬ್ಬಿಣ ಎಂದು ಅನುಮಾನಿಸಬಹುದು. ಆದರೆ 304 ಮತ್ತು 316ರ ನಡುವಿನ ವ್ಯತ್ಯಾಸವನ್ನು ಅಯಸ್ಕಾಂತ ಹೇಳಲಾರದು, ಅದಕ್ಕೆ ಬಿಲ್ಲಿನಲ್ಲಿ ಬರೆಸಿಕೊಳ್ಳುವುದೊಂದೇ ದಾರಿ. ಕೋಡಿಬಾಗದಲ್ಲಿಯೋ ಮಾಜಾಳಿಯಲ್ಲಿಯೋ ಸಮುದ್ರದ ಮುಖಕ್ಕೆ ಮನೆ ಕಟ್ಟುವವರು ಬಿಜಾಗ್ರಿ ಮತ್ತು ಸ್ಕ್ರೂಗಳಿಗಾದರೂ 316 ಬೇಕೆಂದು ಹಟ ಹಿಡಿಯಬೇಕು. ಯುರೋಪಿನ ಇಎನ್ 1670 ಎಂಬ ಮಾನದಂಡದಲ್ಲಿ ಉಪ್ಪುನೀರಿನ ಮಂಜಿನೊಳಗೆ 240 ಗಂಟೆ ತಾಳುವ ಬಿಡಿಭಾಗಕ್ಕೆ 4ನೇ ದರ್ಜೆ, 480 ಗಂಟೆ ತಾಳುವುದಕ್ಕೆ 5ನೇ ದರ್ಜೆ ಕೊಡುತ್ತಾರೆ. ಪ್ರಯೋಗಾಲಯದ ಗಂಟೆಗಳನ್ನು ನಮ್ಮ ವರ್ಷಗಳಿಗೆ ಲೆಕ್ಕ ಹಾಕಿ ಇಳಿಸಲು ಬರುವುದಿಲ್ಲವಾದರೂ, ಈ ಪ್ರಶ್ನೆ ಕೇಳಿದಾಗ ಮಾರುವವನು ಕಕ್ಕಾಬಿಕ್ಕಿಯಾದರೆ ಅಷ್ಟರಿಂದಲೇ ನಿಮಗೆ ಬೇಕಾದ ಮಾಹಿತಿ ಸಿಕ್ಕಂತಾಯಿತು.

ಇನ್ನು ಕೆಟ್ಟದ್ದು ಯಾವುದು ಎಂದು ಗುರುತಿಸುವ ಬಗೆ. ಹ್ಯಾಂಡಲ್ ಬಿಗಿಯಾಗಿದೆ ಎಂದು ಯಾರೇ ಹೇಳಿದರೂ ನಾನು ಮೊದಲು ಮಾಡುವುದು ಕದವನ್ನು ಪೂರ್ತಿ ತೆರೆದಿಟ್ಟು ಹ್ಯಾಂಡಲ್ ತಿರುಗಿಸಿ ನೋಡುವುದು. ತೆರೆದಾಗ ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ಬಿಗಿಯಾದರೆ ಲಾಕ್ ಸರಿಯಾಗಿಯೇ ಇದೆ. ಕದ ಕೆಳಗಿಳಿದಿರುವುದರಿಂದ ಲಾಕಿನ ಗುಂಡಿಗಳು ಚೌಕಟ್ಟಿನಲ್ಲಿರುವ ತಮ್ಮ ಕಚ್ಚುಗಳಿಗೆ ನೇರವಾಗಿ ಸೇರುತ್ತಿಲ್ಲ. ಬಾಗಿಲಾದರೆ ಬಿಜಾಗ್ರಿಯಲ್ಲಿರುವ ಹೊಂದಾಣಿಕೆಯ ಸ್ಕ್ರೂವನ್ನು ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೇಲಕ್ಕೋ ಪಕ್ಕಕ್ಕೋ ಸರಿಸಬೇಕು. ಅದರಿಂದಲೂ ಆಗದಿದ್ದರೆ ಗಾಜಿನ ಸುತ್ತಲಿನ ಪಟ್ಟಿ ಬಿಚ್ಚಿ, ಬಿಜಾಗ್ರಿಯ ಬದಿಯ ಕೆಳಮೂಲೆಯಲ್ಲಿಯೂ ಲಾಕಿನ ಬದಿಯ ಮೇಲ್ಮೂಲೆಯಲ್ಲಿಯೂ ಸಂದಿ ತುಂಬುವ ಚಪ್ಪಟೆ ಪ್ಲಾಸ್ಟಿಕ್ ತುಂಡುಗಳಾದ ಪ್ಯಾಕರ್‌ಗಳನ್ನು ಕೂರಿಸಬೇಕು; ಆಗ ಗಾಜೇ ಕರ್ಣದ ಉದ್ದಕ್ಕೂ ನಿಂತು ಕದದ ಭಾರವನ್ನು ಬಿಜಾಗ್ರಿಗೆ ಒಪ್ಪಿಸುತ್ತದೆ. ಹೊಸ ಬಾಗಿಲು ಒಂದೇ ವರ್ಷದಲ್ಲಿ ಜೋತುಬಿದ್ದರೆ, ಕೂರಿಸಿದವರು ಈ ಪ್ಯಾಕರ್‌ಗಳನ್ನು ಹಾಕದೇ ಹೋಗಿದ್ದಾರೆ ಎಂದು ನಾನು ಮೊದಲು ಅನುಮಾನಿಸುತ್ತೇನೆ, ಬಿಚ್ಚಿ ನೋಡಿದಾಗ ಹೆಚ್ಚಾಗಿ ಅದು ನಿಜವಾಗುತ್ತದೆ.

ಕದ ತೆರೆದಿದ್ದರೂ ಹ್ಯಾಂಡಲ್ ಬಿಗಿಯಾಗಿದ್ದರೆ ದೋಷ ಗೇರ್ ಬಾಕ್ಸಿನದು. ಯಾವ ಪ್ರತಿರೋಧವೂ ಇಲ್ಲದೆ ಸುಮ್ಮನೆ ಗಿರಗಿರ ತಿರುಗಿದರೆ ಹ್ಯಾಂಡಲ್ಲಿನ ಚೌಕ ಕಡ್ಡಿ ಸವೆದಿದೆ, ಇಲ್ಲವೇ ಅದನ್ನು ಹಿಡಿಯುವ ಗೇರಿನ ಹಲ್ಲು ಮುರಿದಿದೆ. ಬಿಗಿಯಾದ ಹ್ಯಾಂಡಲ್ಲನ್ನು ಬಲ ಹಾಕಿ ತಿರುಗಿಸುವುದೊಂದನ್ನು ದಯವಿಟ್ಟು ಮಾಡಬೇಡಿ. ಹೆಚ್ಚಿನ ಹ್ಯಾಂಡಲ್‌ಗಳು ಎರಕ ಹೊಯ್ದ ಜಿಂಕ್ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದವು, ಅವು ಬಾಗುವುದಿಲ್ಲ, ಮುರಿಯುತ್ತವೆ. ಮುಚ್ಚಿದ ಸ್ಥಿತಿಯಲ್ಲಿ ಗೇರ್ ಬಾಕ್ಸ್ ಮುರಿದರೆ ಕದವನ್ನು ಹಾನಿಯಿಲ್ಲದೆ ತೆರೆಯುವುದು ನುರಿತವರಿಗೂ ತ್ರಾಸದ ಕೆಲಸ.

ಎಣ್ಣೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು. ಬೀಗದ ಒಳಗೆ ಹೋದ ತೆಂಗಿನೆಣ್ಣೆ ಧೂಳನ್ನೂ ಮರಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಶಿರಸಿ, ಸಿದ್ದಾಪುರದ ಡಿಸೆಂಬರ್ ಬೆಳಗಿನಲ್ಲಿ ಕೀಲಿ ತಿರುಗದೇ ಹೋದರೆ ಆಶ್ಚರ್ಯವಿಲ್ಲ. ಡಬ್ಲ್ಯುಡಿ-40 ತೇವ ಓಡಿಸಲು, ತುಕ್ಕು ಸಡಿಲಿಸಲು ಉತ್ತಮ, ಆದರೆ ಅದರ ಜಾರುಗುಣ ಹೆಚ್ಚು ಕಾಲ ಉಳಿಯುವುದಿಲ್ಲ. ಕೀಲಿ ಹಾಕುವ ಸಿಲಿಂಡರಿಗೆ ಗ್ರಾಫೈಟ್ ಪುಡಿ, ಗೇರ್ ಬಾಕ್ಸಿಗೆ ತೆಳುವಾದ ಮಷೀನ್ ಎಣ್ಣೆ, ರಬ್ಬರ್ ಪಟ್ಟಿಗೆ ಸಿಲಿಕೋನ್ ಸ್ಪ್ರೇ ಸಾಕು. ಹೊರಕ್ಕೆ ತೆರೆಯುವ ಕಿಟಕಿಯ ಫ್ರಿಕ್ಷನ್ ಬಿಜಾಗ್ರಿಯಲ್ಲಿ ಕೀಲುಗಳಿಗೆ ಮಾತ್ರ ಒಂದೊಂದು ಹನಿ ಬಿಡಬೇಕು. ಜಾರುವ ಬ್ಲಾಕಿಗೆ ಎಣ್ಣೆ ಬೇಡ, ಏಕೆಂದರೆ ಆ ಉಜ್ಜುವಿಕೆಯೇ ಗಾಳಿಯಲ್ಲಿ ಕದವನ್ನು ತೆರೆದಲ್ಲಿ ನಿಲ್ಲಿಸುತ್ತದೆ.

ನಮ್ಮಲ್ಲಿ ಹೆಚ್ಚಾಗಿರುವ ಸ್ಲೈಡಿಂಗ್ ಕಿಟಕಿಗಳ ಕಥೆ ಸರಳ. ಟ್ರ್ಯಾಕಿನಲ್ಲಿ ಮರಳು ಸೇರಿ ರೋಲರ್ ಸವೆಯುತ್ತದೆ, ಕದ ಒಂದು ಕಡೆ ತಗ್ಗುತ್ತದೆ, ಲಾಕಿನ ಕೊಕ್ಕೆ ತನ್ನ ಜಾಗಕ್ಕೆ ಬೀಳುವುದಿಲ್ಲ, ಆಗ ಎಲ್ಲರೂ ಲಾಕನ್ನು ಬೈಯುತ್ತಾರೆ. ಹೆಚ್ಚಿನ ಕದಗಳ ಅಂಚಿನಲ್ಲಿ ಕೆಳಗಡೆ ಒಂದು ಸಣ್ಣ ರಂಧ್ರವಿದ್ದು, ಅದರೊಳಗಿನ ಸ್ಕ್ರೂ ತಿರುಗಿಸಿದರೆ ರೋಲರ್ ಮೇಲೆ ಕೆಳಗೆ ಆಗುತ್ತದೆ.

ನೀರು ಸೋರುವ ದೂರನ್ನು ಇಲ್ಲಿಯೇ ಸೇರಿಸುತ್ತೇನೆ. ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಮುಖಕ್ಕೆ ಇರುವ ಉದ್ದನೆಯ ಸಣ್ಣ ಕಂಡಿಗಳು ತಯಾರಿಕೆಯ ದೋಷವಲ್ಲ, ಒಳಗೆ ಬಂದ ಮಳೆನೀರು ಹೊರಹೋಗಲು ಬೇಕೆಂದೇ ಕೊರೆದ ದಾರಿಗಳು. ಮರಳು ಮತ್ತು ಕಣಜದ ಹುಳು ಕಟ್ಟಿದ ಮಣ್ಣಿನಿಂದ ಅವು ಮುಚ್ಚಿಹೋದಾಗ ನೀರು ಮನೆಯೊಳಗೆ ಉಕ್ಕುತ್ತದೆ. ಸೋರಿಕೆ ನಿಲ್ಲಿಸಲು ಬಂದವರು ಇದೇ ಕಂಡಿಗಳಿಗೆ ಸಿಲಿಕೋನ್ ಹಚ್ಚಿ ಹಣ ಪಡೆದು ಹೋಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ. ಹಾಗೆ ನಿಂತ ಉಪ್ಪುನೀರಿನಲ್ಲಿ ರೋಲರು, ಲಾಕು, ಒಳಗಿನ ಸ್ಕ್ರೂಗಳೆಲ್ಲ ನೆನೆದು ಒಂದೇ ಮಳೆಗಾಲದಲ್ಲಿ ಮುಗಿದುಹೋಗುತ್ತವೆ.

ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಬೇರೆಯದೇ ತೊಂದರೆಗಳಿವೆ. ಶಿರಸಿಯ ಕಡೆಯ ಹಿರಿಯರೊಬ್ಬರು, "ತಮಾ, ಬೆಳಗ್ಗೆ ಚೊಲೋ ಇರ್ತು, ಮಧ್ಯಾಹ್ನ ಆದ್ರೆ ಬೀಗ ಬೀಳ್ತಿಲ್ಲೆ" ಎಂದಾಗ ಬಾಗಿಲು ನೋಡುವ ಮೊದಲೇ ಅದು ಪಶ್ಚಿಮಕ್ಕೆ ಮುಖ ಮಾಡಿದ ಕಂದು ಬಣ್ಣದ್ದಿರಬೇಕೆಂದು ಊಹಿಸಿದ್ದೆ. 2 ಮೀಟರ್ ಎತ್ತರದ ಯುಪಿವಿಸಿ ಬಾಗಿಲು 25 ಡಿಗ್ರಿ ಬಿಸಿಯೇರಿದರೆ ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಗಾಢ ಬಣ್ಣ ಇನ್ನಷ್ಟು ಬಿಸಿಯನ್ನು ಹೀರುತ್ತದೆ. ಇಂಥ ಬಾಗಿಲಿನ ಹೊಂದಾಣಿಕೆಯನ್ನು ತಂಪು ಹೊತ್ತಿನಲ್ಲಿ ಮಾಡಿದರೆ ಮಧ್ಯಾಹ್ನ ಮತ್ತೆ ಫೋನ್ ಬರುತ್ತದೆ.

ಎರಡು ಗಾಜಿನ ನಡುವೆ ಮಂಜು ಕಟ್ಟಿದಾಗಲೂ ಪೂರ್ತಿ ಕಿಟಕಿ ಬದಲಿಸಬೇಕಿಲ್ಲ. ಗಾಜುಗಳ ನಡುವಿನ ಪಟ್ಟಿಯೊಳಗೆ ತೇವ ಹೀರುವ ಕಾಳುಗಳಿರುತ್ತವೆ. ಅಂಚಿನ ಸೀಲ್ ಬಿಟ್ಟುಕೊಂಡಾಗ ಅವು ನೆನೆದು ತಣಿದು ಇನ್ನು ಹೀರಲಾರದ ಸ್ಥಿತಿಗೆ ಬರುತ್ತವೆ. ಅದೇ ಅಳತೆಯ ಗಾಜಿನ ಜೋಡಿಯನ್ನು ಮಾಡಿಸಿ ತಂದು ಪಟ್ಟಿ ಬಿಚ್ಚಿ ಕೂರಿಸಬಹುದು, ಚೌಕಟ್ಟನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಮಾಡೆಲ್ ನಿಂತುಹೋಗಿದೆ ಎಂಬ ಮಾತಿಗೆ ಈಗ ಬರುತ್ತೇನೆ. ಹೆಸರು ನಿಂತಿರಬಹುದು, ಅಳತೆಗಳು ನಿಂತಿಲ್ಲ. ಕಿಟಕಿಯ ಹ್ಯಾಂಡಲ್ಲಿನ ಚೌಕ ಕಡ್ಡಿ ಸಾಮಾನ್ಯವಾಗಿ 7 ಮಿಲಿಮೀಟರ್. ಅದರ ಉದ್ದ, ಸ್ಕ್ರೂ ರಂಧ್ರಗಳ ನಡುವಿನ ಅಂತರ ಗೊತ್ತಾದರೆ ಬೇರೆ ಕಂಪನಿಯ ಹ್ಯಾಂಡಲ್ ಕೂರುತ್ತದೆ. ಫ್ರಿಕ್ಷನ್ ಬಿಜಾಗ್ರಿಗೆ ಉದ್ದ ಮತ್ತು ಮಡಚಿದಾಗಿನ ದಪ್ಪ ಬೇಕು, ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಬಾಗಿಲಿನ ಲಾಕಿಗೆ ಮುಂಪಟ್ಟಿಯಿಂದ ಕೀಲಿರಂಧ್ರದ ಮಧ್ಯದವರೆಗಿನ ಅಳತೆ, ಹ್ಯಾಂಡಲ್ ಮಧ್ಯದಿಂದ ಕೀಲಿರಂಧ್ರದ ಮಧ್ಯದವರೆಗಿನ ಅಳತೆ ಮುಖ್ಯ. ಎರಡನೆಯದು ಹೆಚ್ಚಾಗಿ 85 ಅಥವಾ 92 ಮಿಲಿಮೀಟರ್ ಇರುತ್ತದೆ. ಸಿಲಿಂಡರನ್ನು ನಡುವಿನ ಸ್ಕ್ರೂವಿನಿಂದ ಎರಡೂ ಬದಿಗೆ ಬೇರೆ ಬೇರೆಯಾಗಿ ಅಳೆಯಬೇಕು, ಅದು ಹೊರಗಡೆ ಹ್ಯಾಂಡಲ್ ಪಟ್ಟಿಯಿಂದ 3 ಮಿಲಿಮೀಟರಿಗಿಂತ ಹೆಚ್ಚು ಚಾಚಿಕೊಂಡಿರಬಾರದು, ಚಾಚಿದ್ದನ್ನು ಹಿಡಿದು ಮುರಿಯುವುದು ಕಳ್ಳರಿಗೆ ಸುಲಭ. ಇಷ್ಟು ಅಳತೆಗಳನ್ನು ಫೋಟೊ ಸಮೇತ ಕಳಿಸಿದರೆ ಹುಬ್ಬಳ್ಳಿಯಿಂದಲೋ ಮಡಗಾಂವದಿಂದಲೋ ಭಾಗಗಳನ್ನು ತರಿಸಿಕೊಳ್ಳಬಹುದು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಆಯ್ದುಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ಸಾಧನ, ವಾಹನ. ಮೊಬೈಲಿಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕೊಟ್ಟು ಹಾಕಿಸುವ, ಎಷ್ಟೋ ಪಟ್ಟು ಹೆಚ್ಚು ಕಾಲ ಇರಬೇಕಾದ ಕಿಟಕಿ ಬಾಗಿಲುಗಳು ಆ ಪಟ್ಟಿಯಲ್ಲಿಲ್ಲ. ಕಾನೂನು ಬರುವವರೆಗೆ ಕೊಳ್ಳುವವರೇ ಷರತ್ತು ಹಾಕಬೇಕು. ಹಾರ್ಡ್‌ವೇರಿನ ಕಂಪನಿ, ಅಳತೆ, ಸ್ಟೀಲಿನ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿ, ಪ್ರತಿ ನಮೂನೆಯ ಒಂದು ಹ್ಯಾಂಡಲ್, ಒಂದು ಜೋಡಿ ಬಿಜಾಗ್ರಿ, ಒಂದು ರೋಲರನ್ನು ಹೆಚ್ಚುವರಿಯಾಗಿ ಅಂದೇ ಕೊಂಡಿಡಬೇಕು. ಗ್ಯಾರಂಟಿ ಪತ್ರದಲ್ಲಿ ಚೌಕಟ್ಟಿಗೆ ಹತ್ತು ವರ್ಷ ಎಂದು ದಪ್ಪ ಅಕ್ಷರದಲ್ಲಿದ್ದರೆ, ಹಾರ್ಡ್‌ವೇರಿಗೆ ಎಷ್ಟು ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ ಓದಬೇಕು. ಜಿಲ್ಲೆಯ ಐಟಿಐಗಳಲ್ಲಿ ಈ ಕೆಲಸಕ್ಕೊಂದು ಸಣ್ಣ ತರಬೇತಿ ಶುರುವಾದರೆ ನಮ್ಮ ಹುಡುಗರಿಗೆ ಊರಿನಲ್ಲಿಯೇ ಕೆಲಸ ಸಿಗುತ್ತದೆ. ನನ್ನ ಗಿರಾಕಿ ಕಡಿಮೆಯಾದರೂ ಅಡ್ಡಿಯಿಲ್ಲ.

ಮುಂಬಯಿಯಲ್ಲಿಯೋ ಗಲ್ಫಿನಲ್ಲಿಯೋ ಇದ್ದು ಇಲ್ಲಿನ ಮನೆಯನ್ನು ವರ್ಷವಿಡೀ ಮುಚ್ಚಿಟ್ಟವರಿಗೆ ಒಂದು ಮಾತು. ಬಳಸುವ ಲಾಕಿಗಿಂತ ಬಳಸದ ಲಾಕ್ ಬೇಗ ಕಚ್ಚಿಕೊಳ್ಳುತ್ತದೆ. ನೆರೆಯವರಿಗೆ ಕೀಲಿ ಕೊಟ್ಟು, ತಿಂಗಳಿಗೊಮ್ಮೆ ಪ್ರತಿ ಹ್ಯಾಂಡಲ್ಲನ್ನು ತಿರುಗಿಸಿ ಕದ ತೆರೆದು ಹಾಕಲು ಹೇಳಿ.

ಬದಲಿಸಲೇಬೇಕಾದ ಕಿಟಕಿಗಳೂ ಇವೆ. ಚೌಕಟ್ಟಿನ ಮೂಲೆಯ ಬೆಸುಗೆ ಬಿರಿದಿದ್ದರೆ, ಬಿಸಿಲಿಗೆ ಹಳದಿಯಾಗಿ ಉಗುರು ತಾಗಿದರೂ ಪುಡಿಯಾಗುವಷ್ಟು ಪೆಡಸಾಗಿದ್ದರೆ, ಒಳಗೆ ಬಲಕ್ಕೆಂದು ಸೇರಿಸಿದ ಕಬ್ಬಿಣ ತುಕ್ಕು ಹಿಡಿದು ಸ್ಕ್ರೂಗಳಿಗೆ ಹಿಡಿತವೇ ಇಲ್ಲದಿದ್ದರೆ ನಾನೇ ದುರಸ್ತಿ ಬೇಡ ಎನ್ನುತ್ತೇನೆ. ಆಗಲೂ ಹಳೆಯ ಕಿಟಕಿಯನ್ನು ಗುಜರಿಗೆ ಹಾಕುವ ಮುನ್ನ ಚೆನ್ನಾಗಿರುವ ಹ್ಯಾಂಡಲ್, ಲಾಕಿನ ಪಟ್ಟಿ, ರೋಲರುಗಳನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಎತ್ತಿಡಿ. ಅದೇ ಮನೆಯ ಉಳಿದ ಕಿಟಕಿಗಳಿಗೆ ಅವು ಬೇಕಾಗುತ್ತವೆ.