ಲೆಕ್ಕ ಕಲಿಸುವ ಗೇಮಿಗೆ ಲೆಕ್ಕದ್ದೇ ಬೀಗ

ಬರೀ ಆಟ ಅಂದರೆ ಅಪ್ಪ ಬೈಯುತ್ತಾನೆ. ‘ಕಲಿಕೆಯ ಆಟ’ ಅಂದು ನೋಡಿ, ಅದೇ ಅಪ್ಪ ಚಾರ್ಜರ್ ಹುಡುಕಿ ತಂದು ಕೊಡುತ್ತಾನೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಮುಂದೆ ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದು ಕಾರ್ಟೂನಿಗೆ ಹೇಳಿದ್ದಿರಬೇಕು ಬಿಡಿ, ಇದು ವಿದ್ಯೆ ಅಲ್ವಾ!

ವಿದ್ಯೆ ನಡೆಯುವುದು ಹೀಗೆ. ಒಂದು ಆನೆ ಬಂದು ‘ಮೂರಕ್ಕೆ ಎರಡು ಕೂಡಿದರೆ ಎಷ್ಟು?’ ಅಂತ ಕೇಳುತ್ತದೆ. ಮುಂದೆ ನಾಲ್ಕು ಬಲೂನು. ಮಗು ನಾಲ್ಕನ್ನೂ ಪಟಪಟ ಒತ್ತುತ್ತದೆ. ತಪ್ಪಾದರೆ ಆನೆ ಊಹೂಂ ಅಂತ ಸೊಂಡಿಲು ಆಡಿಸುತ್ತದೆ, ಸರಿಯಾದರೆ ಟಿಂಗ್ ಅಂತ ಒಂದು ನಕ್ಷತ್ರ. ಸೊಂಡಿಲು ಆಡಿಸುವುದೇ ಚೆಂದ ಅಂತ ಬೇಕಂತಲೇ ತಪ್ಪು ಒತ್ತುವ ಮಕ್ಕಳೂ ಉಂಟು. ಸಂಜೆ ಅಮ್ಮನ ಫೋನಿಗೆ ಮೆಸೇಜು: ‘ನಿಮ್ಮ ಮಗು ಇಂದು 40 ನಕ್ಷತ್ರ ಗಳಿಸಿದೆ!’ ಅದು ಅಲ್ಲಿಂದ ನೇರ ಫ್ಯಾಮಿಲಿ ಗ್ರೂಪಿಗೆ.

ನಿಜವಾದ ಸೊಗಸು ಇರುವುದು ಗಲ್ಲಾಪೆಟ್ಟಿಗೆಯ ಹತ್ತಿರ. ಮುಂದಿನ ಹಂತಕ್ಕೆ ದುಡ್ಡು ಕಟ್ಟಬೇಕು. ಅಲ್ಲೊಂದು ಕಿಟಕಿ ತೆರೆದುಕೊಳ್ಳುತ್ತದೆ: ‘ದೊಡ್ಡವರನ್ನು ಕರೆಯಿರಿ. 7 × 8 = ?’ ಇದರ ಹೆಸರು ಪೇರೆಂಟಲ್ ಗೇಟ್. ಮಕ್ಕಳ ವಿಭಾಗದ ಆ್ಯಪ್‌ಗಳಲ್ಲಿ ಏನಾದರೂ ಕೊಳ್ಳುವ ಮೊದಲು ಇಂಥದ್ದೊಂದು ತಡೆ ಇರಲೇಬೇಕು ಅನ್ನುವುದು ಆಪಲ್ ನಿಯಮ. ಇಂಥ ತಡೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಅಪ್ಪ ಒಮ್ಮೆ ಪಾಸ್‌ವರ್ಡ್ ಹಾಕಿದರೆ ಹದಿನೈದು ನಿಮಿಷ ಮತ್ತೆ ಕೇಳುತ್ತಿರಲಿಲ್ಲ. ಆ ಹದಿನೈದು ನಿಮಿಷದಲ್ಲಿ ಮಕ್ಕಳು ಕೊಂಡಿದ್ದೇ ಕೊಂಡಿದ್ದು. ಕೊನೆಗೆ 2014ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಆಪಲ್ ಗಿರಾಕಿಗಳಿಗೆ ಕನಿಷ್ಠ 3.25 ಕೋಟಿ ಡಾಲರ್ ವಾಪಸ್ ಕೊಡಲು ಒಪ್ಪಬೇಕಾಯಿತು.

ಸರಿ, ಬೀಗ ಬೇಕು. ಆದರೆ ಬೀಗದ ಮೇಲೆ ಏನು ಬರೆದಿದೆ ನೋಡಿ. ಆ್ಯಪಿನ ಜಾಹೀರಾತು ಹೇಳುತ್ತದೆ: ‘ಆರರಿಂದ ಎಂಟು ವರ್ಷದ ಮಕ್ಕಳಿಗೆ ಮಗ್ಗಿ ಬಾಯಿಪಾಠ, ಗ್ಯಾರಂಟಿ!’ ಅದೇ ಆ್ಯಪಿನ ಬೀಗ ಹೇಳುತ್ತದೆ: ಈ ಮಗುವಿಗೆ ಏಳೆಂಟ್ಲ ಎಷ್ಟು ಅಂತ ಗೊತ್ತಿರಲು ಸಾಧ್ಯವೇ ಇಲ್ಲ. ಕಂಪನಿ ತನ್ನ ಗಲ್ಲಾಪೆಟ್ಟಿಗೆಯನ್ನು ನಂಬಿ ಬಿಟ್ಟಿರುವುದು ತನ್ನ ಪಾಠ ಯಾರಿಗೂ ಹತ್ತುವುದಿಲ್ಲ ಅನ್ನುವ ಭರವಸೆಯ ಮೇಲೆ! ಓದು ಕಲಿಸುವ ಆ್ಯಪ್‌ಗಳದ್ದು ಇನ್ನೂ ಮಜಾ. ಅಲ್ಲಿ ‘ಒಂಬತ್ತು, ನಾಲ್ಕು, ಎರಡು’ ಅಂತ ಅಕ್ಷರದಲ್ಲಿ ಬರೆದು, ಆ ಅಂಕಿಗಳನ್ನು ಒತ್ತಿ ಅನ್ನುತ್ತಾರೆ. ಓದಲು ಬಂದರೆ ನೀವು ದೊಡ್ಡವರು.

ಅಕಸ್ಮಾತ್ ಮಗು ನಿಜವಾಗಿಯೂ ಕಲಿತುಬಿಟ್ಟರೆ? ಕೋರ್ಸ್ ಮುಗಿದ ಸರ್ಟಿಫಿಕೇಟಿನ ಜೊತೆಗೆ ಅಪ್ಪನ ಕಾರ್ಡಿನ ಬಿಲ್ಲೂ ಬರುತ್ತದೆ. ಆಗ ಕಂಪನಿ ಬೀಗ ಬದಲಿಸಿ 17 × 8 ಅಂತ ಹಾಕುತ್ತದೆ. ಅಲ್ಲಿ ಅಪ್ಪನೇ ಸಿಕ್ಕಿಬೀಳುತ್ತಾನೆ. ಈಗಲೇ ಏಳೆಂಟ್ಲಕ್ಕೆ ಕ್ಯಾಲ್ಕುಲೇಟರ್ ತೆಗೆಯುವ ಗಿರಾಕಿ ಅವನು. ಮನೆಯಲ್ಲಿ ಹದಿನೇಳರ ಮಗ್ಗಿ ಬರುವುದು ಅಜ್ಜಿಗೊಬ್ಬಳಿಗೇ. ಸೊಪ್ಪು ಬಿಡಿಸುತ್ತಲೇ, ತಲೆ ಎತ್ತದೆ ‘ನೂರಾ ಮೂವತ್ತಾರು’ ಅನ್ನುತ್ತಾಳೆ. ಆದರೆ ಅಜ್ಜಿಯ ಹತ್ತಿರ ಕಾರ್ಡಿಲ್ಲ.